ಮೊದಲ ಎರಡು ಸಾಲು

ಎರಡು ಕಚೇರಿಗಳ ನಡುವೆ ದೂರುಗಳನ್ನು ದಾಟಿಸುವ ಕೊಂಡಿ ಕಟ್ಟಿದವಳು ವಿಲಿಮೈನಾ. ಒಂದು ಕಚೇರಿ ದ್ವೀಪಗಳ ದವಾಖಾನೆ ನಡೆಸುವ ಸಂಸ್ಥೆಯದು, ಇನ್ನೊಂದು ಅಲ್ಲಿನ ಯಂತ್ರ ರಿಪೇರಿ ಮಾಡುವ ಕಂಪನಿಯದು. ಎರಡೂ ರಾಜಧಾನಿ ಸುವಾದ ಒಂದೇ ಬೀದಿಯಲ್ಲಿದ್ದರೂ ಕಂಪ್ಯೂಟರ್ ವ್ಯವಸ್ಥೆ ಬೇರೆ ಬೇರೆ. ನರ್ಸ್ ಇಲ್ಲಿ ಬರೆದದ್ದು ಅಲ್ಲಿ ಕಾಣಬೇಕು, ಅಲ್ಲಿನ ಉತ್ತರ ಇಲ್ಲಿಗೆ ಬರಬೇಕು. ಅಷ್ಟೇ ಕೆಲಸ.

ಆದರೆ ಶುರುವಿನಲ್ಲೇ ಎಡವಟ್ಟಾಯಿತು. ಅಲ್ಲಿಗೆ ಹೋದ ನಕಲು ಹೊಸ ಸಂದೇಶವೆಂದು ಇಲ್ಲಿಗೆ ಮರಳಿತು, ಇಲ್ಲಿಂದ ಮತ್ತೆ ಅಲ್ಲಿಗೆ. ಕಂಪನಿಯ ಪ್ರಣೀಲ್ ಫೋನ್ ಮಾಡಿ, "ಏನ್ ತಾಯಿ, ನಿನ್ ದೂರು ಕೋಳಿ ಥರ ಮರಿ ಮಾಡ್ತಿದೆಯಲ್ಲ" ಎಂದು ಕಿಚಾಯಿಸಿದ. ನಾಚಿಕೆಯಾಗಿ ಗಡಿಬಿಡಿಯಲ್ಲಿ ಒಂದು ನಿಯಮ ಹಾಕಿದಳು: ಮೊದಲ ಎರಡು ಸಾಲು ಹಿಂದಿನ ಯಾವುದಾದರೂ ಸಂದೇಶದಂತೆಯೇ ಇದ್ದರೆ ಅದು ತಿರುಗಿ ಬಂದ ನಕಲು, ದಾಟಿಸಬಾರದು. ಕಾಟ ನಿಂತಿತು. ಎಲ್ಲರೂ ಹೊಗಳಿದರು, ಅವಳೂ ಉಬ್ಬಿದಳು.

ದೂರದ ಲಾವು ದ್ವೀಪಸಮೂಹದ ಪುಟ್ಟ ದ್ವೀಪವೊಂದರಲ್ಲಿ ತಾರುಸಿಲಾ ನರ್ಸ್. ಆಮ್ಲಜನಕದ ಯಂತ್ರ ಸೊರಗಿದೆಯೆಂದು ಆಕೆ ಬರೆದಳು. ಗಾಳಿ ಸೋಸುವ ಜಾಲರಿ ಬದಲಿಸಿ ನೋಡಿ ತಿಳಿಸಿ ಎಂದು ಕಂಪನಿ ಕೇಳಿತು. ಬದಲಿಸಿದಳು, ಸರಿಹೋಗಲಿಲ್ಲವೆಂದು ಉತ್ತರಿಸಿದಳು. ಆದರೆ ಅವಳ ಪ್ರತಿ ಸಂದೇಶವೂ ಊರಿನ ರೂಢಿಯಂತೆ ಹಿರಿಯರಿಗೆ ದ್ವೀಪದವರೆಲ್ಲರ ನಮಸ್ಕಾರ ತಿಳಿಸಿ, ಕೆಲಸದ ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಕೇಳಿಯೇ ಮುಂದುವರಿಯುತ್ತಿತ್ತು. ಮೊದಲ ಎರಡು ಸಾಲು ಅದೇ. ಕೊಂಡಿ ಅವಳ ಉತ್ತರವನ್ನು ನಕಲೆಂದು ಎಸೆಯಿತು. ಮತ್ತೆ ಬರೆದಳು, ಅದನ್ನೂ ಎಸೆಯಿತು. ಅವಳ ಪರದೆಯಲ್ಲಿ ಮಾತ್ರ ಎಲ್ಲವೂ ಕಳಿಸಿದಂತೆ ಕಾಣುತ್ತಿತ್ತು. ಉತ್ತರವೇ ಬರಲಿಲ್ಲವೆಂದು ಪ್ರಣೀಲ್ ಆ ದೂರನ್ನು ಮುಚ್ಚಿದ.

ಆಮೇಲೆ ತಾರುಸಿಲಾಳ ತಮ್ಮನ ಮಗು ಇಸೋವಾಗೆ ಎದೆ ಕಟ್ಟಿತು. ಯಂತ್ರ ಉಸಿರು ಕೊಡಲಿಲ್ಲ. ದೋಣಿ ಬರುವಷ್ಟರಲ್ಲಿ ಮಗು ಹೋಗಿತ್ತು.

ಸುದ್ದಿ ಕೇಳಿ, ಕೊಂಡಿ ಎಸೆದ ಸಂದೇಶಗಳನ್ನು ತೆಗೆದು ಓದಿದಾಗ ವಿಲಿಮೈನಾಗೆ ತಲೆ ಎತ್ತಲಾಗಲಿಲ್ಲ. ನಮಸ್ಕಾರ ಹೇಳದೆ ಮಾತು ತೆಗೆಯಬಾರದೆಂದು ಅಜ್ಜಿಯಿಂದ ಬೈಸಿಕೊಂಡು ಬೆಳೆದವಳು ತಾನೇ! ಬೇರೆ ಯಾರಿಗೆ ಗೊತ್ತಿರದಿದ್ದರೂ ಅವಳಿಗೆ ಗೊತ್ತಿರಬೇಕಿತ್ತು. ಅಂದೇ ಆ ನಿಯಮ ಕಿತ್ತುಹಾಕಿ, ಪ್ರತಿ ಸಂದೇಶಕ್ಕೂ ಅದರದೇ ಸಂಖ್ಯೆ ಕೊಟ್ಟು, ಸಂಖ್ಯೆ ಒಂದೇ ಆದರೆ ಮಾತ್ರ ನಕಲು ಎಂದು ತಿದ್ದಿದಳು. ಮೊದಲೇ ಮಾಡಬಹುದಾಗಿದ್ದ ಕೆಲಸ ಅದು.

ದೊಡ್ಡಪ್ಪನನ್ನು ಜೊತೆಗೆ ಕರೆದುಕೊಂಡು ಹಡಗು ಹತ್ತಿದಳು. ದ್ವೀಪದಲ್ಲಿ ಮಗುವಿನ ತಂದೆಯ ಮುಂದೆ ದೊಡ್ಡಪ್ಪ, ಕ್ಷಮೆ ಕೇಳುವಾಗ ಒಪ್ಪಿಸುವ ತಿಮಿಂಗಿಲದ ಹಲ್ಲು ಹಿಡಿದು, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ, ಅವಳ ಪರವಾಗಿ ಕ್ಷಮೆ ಬೇಡಿದ. ಮಗುವಿನ ತಂದೆ ಆ ಹಲ್ಲು ತೆಗೆದುಕೊಂಡ. ಕ್ಷಮಿಸಿದ ಎಂದೇ ಅದರ ಅರ್ಥ, ಆದರೂ ವಿಲಿಮೈನಾಳ ಎದೆಯ ಭಾರ ಇಳಿಯಲಿಲ್ಲ.

ತಾರುಸಿಲಾ ಅವಳನ್ನು ಅಡುಗೆಮನೆಗೆ ಕರೆದು ಬೇಯಿಸಿದ ಮರಗೆಣಸು, ಚಹಾ ಇಟ್ಟಳು.

"ಉತ್ತರ ಬರ್ಲಿಲ್ವಲ್ಲ, ನನ್ ಮಾತಲ್ಲೇನೋ ಮರ್ಯಾದೆ ಕಮ್ಮಿ ಆಯ್ತು, ನಿಮಗೆಲ್ಲ ಬೇಜಾರಾಗಿದೆ ಅಂದ್ಕೊಂಡೆ. ಆ ಎರಡು ಸಾಲಿನ ಕೆಳಗೆ ಇನ್ನೊಂದಷ್ಟು ಕ್ಷಮೆ ಸೇರಿಸ್ತಾನೇ ಹೋದೆ ಕಣಮ್ಮ."

ವಿಲಿಮೈನಾ ಅಂಗಿಯ ತೋಳಿನಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ತಾರುಸಿಲಾ ಅವಳ ಬೆನ್ನು ಸವರುತ್ತ ಮೆಲ್ಲಗೆ ಕೇಳಿದಳು: "ಇನ್ಮೇಲೆ ಬರೆಯೋವಾಗ ನಮಸ್ಕಾರ ಬಿಟ್ಬಿಡ್ಲಾ?"

"ಬಿಡಬೇಡಿ ಅಕ್ಕಾ," ಎಂದಳು ವಿಲಿಮೈನಾ.