ಪೋಣಿಸಿಟ್ಟ ಸೂಜಿಗಳು

ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಸೊಸೆ ಪಾಠ ಒಪ್ಪಿಸುವವಳಂತೆ ಹೇಳಿಕೊಳ್ಳುತ್ತಿದ್ದಳು: "ಸಾರ್, ನಾನು ಕೆಲಸ ಬಿಡ್ತೀನಿ." ನಲ್ಲಿಯ ಮುಂದೆ ಅವಳ ಧೈರ್ಯಕ್ಕೆ ಎಣೆಯೇ ಇರಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅದೆಲ್ಲ ಎಲ್ಲಿ ಹೋಗುತ್ತಿತ್ತೋ, ದೇವರಿಗೇ ಗೊತ್ತು.

ಅದು ಸಿದ್ಧ ಉಡುಪಿನ ದೊಡ್ಡ ಅಂಗಡಿ. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಜಾಗದ ಹಿಂದೆ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಅತ್ತೆ ಸೊಸೆ ಎದುರುಬದುರು ಕೂತು ಪ್ಯಾಂಟು ಗಿಡ್ಡ ಮಾಡುತ್ತಿದ್ದರು, ಕೋಟಿನ ತೋಳು ಸರಿಮಾಡುತ್ತಿದ್ದರು. ಸೊಸೆಯದು ಮೆಷಿನ್ನು, ಅತ್ತೆಯದು ಕೈಹೊಲಿಗೆ. ಹೊರಗೆ ಒಂದು ಎಳೆಯೂ ಕಾಣದಂತೆ ಅಂಚು ಹೊಲಿಯುವುದರಲ್ಲಿ ಅತ್ತೆಯದು ಎತ್ತಿದ ಕೈ. ಮದುವೆಯಾದ ಹೊಸದರಲ್ಲಿ ಸೊಸೆಯನ್ನು ಕರೆತಂದು ಇಲ್ಲಿ ಸೇರಿಸಿದವಳೂ ಅವಳೇ.

ಹೊಸ ಮ್ಯಾನೇಜರ್ ಬಂದ ಮೇಲೆ ಆ ಕೋಣೆಯಲ್ಲಿ ನಗು ನಿಂತುಹೋಯಿತು. ಮನುಷ್ಯರನ್ನು ಬಾಯಿತುಂಬ ಕರೆಯುವ ಅಭ್ಯಾಸ ಆ ಮಹಾರಾಯನಿಗಿರಲಿಲ್ಲ. ಬಾಗಿಲಲ್ಲಿ ನಿಂತು ಚಿಟಿಕೆ ಹೊಡೆಯುತ್ತಿದ್ದ. ಕರೆದದ್ದು ಯಾರನ್ನೆಂದು ಎಲ್ಲರೂ ಎದ್ದು ನಿಂತು ತಿಳಿದುಕೊಳ್ಳಬೇಕು. ಬೆನ್ನ ಹಿಂದೆ ಅವನಿಗೆ ಚಿಟಿಕೆ ಸಾಹೇಬ ಎಂದೇ ಹೆಸರಾಗಿತ್ತು. ಅವನ ಬಾಯಿಗೆ ಹೆಚ್ಚಾಗಿ ಸಿಗುತ್ತಿದ್ದವಳು ಸೊಸೆ. ಬಂದ ತಕ್ಷಣ ಮೆಷಿನ್ ಸದ್ದು ಯಾಕೆ ಕೇಳಿಸುವುದಿಲ್ಲ ಎಂದು ಗಿರಾಕಿಗಳ ಮುಂದೆಯೇ ನೀರಿಳಿಸುತ್ತಿದ್ದ.

ಮೆಷಿನ್ ತಡವಾಗಿ ಶುರುವಾಗುತ್ತಿದ್ದದ್ದು ನಿಜ. ಕಾರಣವನ್ನು ಮಾತ್ರ ಸೊಸೆ ಬಾಯಿಬಿಡುವಂತಿರಲಿಲ್ಲ. ಅತ್ತೆಗೆ ಸೂಜಿಯ ತೂತು ಕಾಣುವುದು ನಿಂತುಹೋಗಿತ್ತು. ಕನ್ನಡಕ ಬದಲಾಯಿಸಿದ್ದೂ ಆಗಿತ್ತು. ಹೊಲಿಗೆ ಬೆರಳಿಗೇ ಗೊತ್ತು, ದಾರ ಪೋಣಿಸುವುದೊಂದೇ ಆಗದು. ಅತ್ತೆ ಬೀರುವಿನ ಹತ್ತಿರ ಬಟ್ಟೆ ವಿಂಗಡಿಸುತ್ತಿರುವಾಗ, ಸೊಸೆ ಅಂದಿನ ಕೋಟುಗಳಿಗೆ ಹೊಂದುವ ದಾರ ಪೋಣಿಸಿ, ಸೂಜಿಗಳನ್ನು ಅತ್ತೆಯ ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದಳು.

ಅತ್ತೆ ಬಂದು ಕೂತು, "ನಿನ್ನೆ ಪೋಣಿಸಿದ್ದು ಇನ್ನೂ ಉಳಿದಿದೆ ನೋಡು," ಎನ್ನುತ್ತಿದ್ದಳು.

ನಿನ್ನೆಯೆಲ್ಲ ಕಪ್ಪು ಕೋಟು ಹೊಲಿದವಳ ದಿಂಬಿನಲ್ಲಿ ಇವತ್ತು ನೀಲಿ ದಾರ ಹೇಗೆ ಉಳಿಯಿತು ಎಂದು ಕೇಳುವಷ್ಟು ದಡ್ಡಿಯಲ್ಲ ಸೊಸೆ. "ಹೌದತ್ತೆ," ಎಂದು ಮೆಷಿನ್ ತುಳಿಯುತ್ತಿದ್ದಳು. ದಾರ ಪೋಣಿಸುವ ತಂತಿ ಪೇಟೆಯಲ್ಲಿ ಸಿಗುತ್ತದೆ. ಅದನ್ನು ತಂದು ಅತ್ತೆಯ ಮುಂದೆ ಇಡುವ ಎದೆಗಾರಿಕೆ ಹೆತ್ತ ಮಗನಿಗೂ ಇರಲಿಲ್ಲ.

ಹೀಗೆ ಸೊಸೆ ಸಿಕ್ಕಿಹಾಕಿಕೊಂಡಿದ್ದಳು. ಕೆಲಸ ಬಿಟ್ಟರೆ ಅತ್ತೆಯ ಗುಟ್ಟು ರಟ್ಟಾಗುತ್ತದೆ. ಬಿಡದಿರುವ ಕಾರಣ ಹೇಳಿದರೂ ರಟ್ಟಾಗುತ್ತದೆ. ಮನೆಗೆ ಬಂದರೆ ಅತ್ತೆಯದೇ ಬೇರೆ ರಾಗ.

"ಅಷ್ಟು ಜನರೆದುರು ಅನ್ನಿಸಿಕೊಂಡು ಸುಮ್ನೆ ಬರ್ತೀಯಲ್ಲೇ! ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಎಂದೋ ಬಿಸಾಕಿ ಬಂದಿರ್ತಿದ್ದೆ."

"ಬಿಟ್ಟು ಏನ್ಮಾಡ್ಲಿ ಅತ್ತೆ?"

"ಮನೇಲಿ ಮೆಷಿನ್ ಧೂಳು ತಿಂತಾ ಕೂತಿದೆ. ಹೊಲಿ. ನನ್ನ ಮಗ ಬೇಡ ಅಂತಾನಾ?"

ಸೊಸೆ ಪಾತ್ರೆ ತೊಳೆಯುವ ನೆಪದಲ್ಲಿ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ಯಾರಿಗಾಗಿ ಬೈಗುಳ ತಿನ್ನುತ್ತೇವೋ ಅವರ ಬಾಯಲ್ಲೇ ಹೇಡಿ ಅನ್ನಿಸಿಕೊಳ್ಳುವ ಕಷ್ಟ ಶತ್ರುವಿಗೂ ಬೇಡ.

ಒಂದು ಬೆಳಿಗ್ಗೆ ಸೊಸೆಯ ಕೈಯಲ್ಲಿ ಸೂಜಿದಾರ ಇರುವಾಗಲೇ ಬಾಗಿಲಲ್ಲಿ ಚಿಟಿಕೆ ಕೇಳಿಸಿತು.

"ಮೆಷಿನ್ ಬಿಟ್ಟು ಇದೇನಮ್ಮಾ ಆಟ? ಹೊರಗೆ ಕೌಂಟರ್‌ಗೆ ಹೋಗು, ಬಟ್ಟೆ ಮಡಚು. ಅದಾದ್ರೂ ಬರುತ್ತಾ ನೋಡೋಣ."

ಬೀರುವಿನ ಪಕ್ಕದಲ್ಲಿ ನಿಂತಿದ್ದ ಅತ್ತೆ ತಿರುಗಿ ನೋಡಿದಳು. ಸೊಸೆ ತಲೆ ತಗ್ಗಿಸಿ ಹೋದಳು.

ಕೌಂಟರಿನಿಂದ ತೆರೆದ ಬಾಗಿಲೊಳಗೆ ಅತ್ತೆ ಕಾಣಿಸುತ್ತಿದ್ದಳು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ದೀಪದತ್ತ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ಪೋಣಿಸಲು ನೋಡುತ್ತಿದ್ದಳು. ದಾರ ಸೂಜಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಮತ್ತೆ ನಾಲಿಗೆಗೆ, ಮತ್ತೆ ದೀಪದತ್ತ. ಸೊಸೆ ಮಡಚುತ್ತಿದ್ದ ಅಂಗಿಯನ್ನು ಅಲ್ಲೇ ಬಿಟ್ಟು ಓಡಿಬಂದು ಅತ್ತೆಯ ಕೈಯಿಂದ ಸೂಜಿ ತೆಗೆದುಕೊಂಡಳು.

ಹಿಂದೆಯೇ ಚಿಟಿಕೆ. "ಹೇಳಿದ ಮಾತು ತಲೆಗೆ ಹೋಗಲ್ವಾ? ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ?"

'ತಪ್ಪಾಯ್ತು ಸಾರ್' ಎನ್ನಲು ಸೊಸೆ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅತ್ತೆ ಎದ್ದು ನಿಂತಳು.

"ತಪ್ಪು ಅವಳದಲ್ಲ ಸಾರ್. ನನಗೆ ಕಣ್ಣು ಸರಿಯಾಗಿ ಕಾಣಲ್ಲ."

ಹೊರಗಿದ್ದ ಗಿರಾಕಿಗಳೂ ತಿರುಗಿ ನೋಡುವಷ್ಟು ಗಟ್ಟಿ ದನಿ.

"ಸೂಜಿಗೆ ದಾರ ಹಾಕೋಕೆ ನನ್ನ ಕೈಲಾಗಲ್ಲ. ದಿನಾ ಇವಳೇ ಪೋಣಿಸಿಡ್ತಾಳೆ. ನಿನ್ನೇದು ಅಂತ ನಾನು ಸುಳ್ಳು ಹೇಳ್ತೀನಿ, ಹೌದು ಅಂತ ಇವಳು ಹೇಳ್ತಾಳೆ. ಅದಕ್ಕೇ ಇವಳು ಬೈಸಿಕೊಳ್ತಿದ್ದಾಳೆ ಅಂತ ನನಗೂ ಇವತ್ತೇ ಗೊತ್ತಾಗಿದ್ದು."

ಹೊಟ್ಟೆಯಲ್ಲಿ ಹುಟ್ಟಿದ ಮಗನೆದುರೂ ಒಪ್ಪಿಕೊಳ್ಳದಿದ್ದದ್ದನ್ನು ಆ ಹೆಂಗಸು ಊರವರ ಮುಂದೆ ಬಿಚ್ಚಿಟ್ಟಿದ್ದಳು.

ಅತ್ತೆ ಅವಳತ್ತ ತಿರುಗಿದಳು. "ಇನ್ನೂ ಏನೇ ನೋಡ್ತಾ ನಿಂತಿದ್ದೀಯ? ದಿನಾ ಬಚ್ಚಲಲ್ಲಿ ನಲ್ಲಿಗೆ ಹೇಳ್ತೀಯಲ್ಲ, ಅದನ್ನ ಇಲ್ಲಿ ಹೇಳು. ಕಣ್ಣು ಹೋದ್ರೂ ಕಿವಿ ಚೆನ್ನಾಗಿದೆ ನನಗೆ."

"ಸಾರ್," ಎಂದಳು ಸೊಸೆ. ದನಿ ನಡುಗಿತು, ಆದರೆ ನಿಲ್ಲಲಿಲ್ಲ. "ನಾನು ಕೆಲಸ ಬಿಡ್ತೀನಿ."

"ನಾನೂನು," ಎಂದಳು ಅತ್ತೆ, ದಿಂಬನ್ನು ಚೀಲಕ್ಕೆ ಹಾಕಿಕೊಳ್ಳುತ್ತ.

ಸಾಹೇಬನ ಮುಖ ಸಣ್ಣಗಾಯಿತು. "ಇಬ್ಬರೂ ಹೋದ್ರೆ ಹೇಗಮ್ಮಾ? ಸಂಜೆ ಕೊಡ್ಬೇಕಾದ ಕೋಟುಗಳ ಗತಿ?"

"ಚಿಟಿಕೆ ಹೊಡೀರಿ ಸಾರ್, ಯಾರಾದ್ರೂ ಬರ್ತಾರೆ," ಎನ್ನುತ್ತ ಅತ್ತೆ ಹೊರಟಳು.

ಮನೆಗೆ ಬಂದವಳೇ ಅತ್ತೆ ಮೆಷಿನ್ನಿನ ಧೂಳು ಒರೆಸಿ, ಕಿಟಕಿಯ ಬೆಳಕಿಗೆ ಎಳೆದು, ಒಳಗೆ ಕೈತೊಳೆಯಲು ಹೋದಳು. ಸೊಸೆಗೆ ಅಭ್ಯಾಸಬಲ. ಚೀಲದಿಂದ ದಿಂಬು ತೆಗೆದು, ಬಾಗಿಲಿಗೆ ಬೆನ್ನು ಮಾಡಿ, ಸದ್ದಿಲ್ಲದೆ ಸೂಜಿಯೊಂದನ್ನು ಎತ್ತಿಕೊಂಡಳು.

"ಕದ್ದು ಯಾಕೆ ಮಾಡ್ತೀಯೇ?" ಹಿಂದೆ ಅತ್ತೆ ನಿಂತಿದ್ದಳು. ಬಂದು ಪಕ್ಕದಲ್ಲೇ ಕೂತಳು. "ಕೊಡು ಮಗಳೇ, ಒಂದು ಪೋಣಿಸಿಕೊಡು."

ಅತ್ತೆ ಇದನ್ನು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಸೊಸೆ ದಾರದ ತುದಿಯನ್ನು ಸೂಜಿಯ ಹತ್ತಿರ ತಂದಳು. ಅದು ಪಕ್ಕಕ್ಕೆ ಸರಿಯಿತು. ಮತ್ತೆ ತಂದಳು, ಮತ್ತೆ ಸರಿಯಿತು. ಕಣ್ಣತುಂಬ ನೀರು.

"ನನಗೂ ಕಾಣ್ತಿಲ್ಲ ಅತ್ತೆ."

ಅತ್ತೆ ಸೆರಗಿನಿಂದ ಅವಳ ಕಣ್ಣೊರೆಸಿದಳು. "ನಿಧಾನಕ್ಕೆ ಪೋಣಿಸು," ಎಂದಳು. "ಇಲ್ಲಿ ಚಿಟಿಕೆ ಹೊಡೆಯೋರು ಯಾರೂ ಇಲ್ಲ."