ಸಕ್ಕರೆಯ ಗರ್ಭಕೋಶ ಮತ್ತು ಎಲ್ಲರ ಅಭಿಪ್ರಾಯ

1.
ಎಲ್ಲಿಂದ ಶುರು ಮಾಡಲಿ? ಮೊಲದಿಂದ ಅಂದರೆ ಮಕ್ಕಳ ಕಥೆ ಅಂತೀರಿ, ಅತ್ತೆಯಿಂದ ಅಂದರೆ ಸೀರಿಯಲ್ಲು ಅಂತೀರಿ. ಹಾಳಾಗಿ ಹೋಗಲಿ, ಡಾಕ್ಟರಿಂದ ಶುರು ಮಾಡುತ್ತೇನೆ.

ಮದ್ದೂರಿನ ನಯನ ಗೆಜ್ಜಲಗೆರೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವಳು. ಅವಳ ಸಾಕುಮೊಲ ಸಕ್ಕರೆ. (ಮಂಡ್ಯ ಜಿಲ್ಲೆ ಅಂದ ಕೂಡಲೇ ಸಕ್ಕರೆಯಾ ಅಂತ ನನ್ನನ್ನು ಬೈಯಬೇಡಿ, ಹೆಸರಿಟ್ಟವಳು ಅವಳು.) ಮಂಡ್ಯದ ಡಾಕ್ಟರು ಹೇಳಿದ್ದಿಷ್ಟು: "ಗರ್ಭಕೋಶ ತೆಗೆಸದಿದ್ರೆ ಮುಂದೆ ಗಡ್ಡೆ ಆಗೋದು ಹೆಚ್ಚು. ತೆಗೆಸಿದ್ರೆ, ಮತ್ತಿನಿಂದ ಏಳದೇನೂ ಹೋಗಬಹುದು. ಯಜಮಾನ್ರನ್ನ ಕೇಳ್ಕೊಂಡು ಬನ್ನಿ."

ಯಜಮಾನರನ್ನ! ಮೊಲ ಯಾರದ್ದು ಸ್ವಾಮಿ?

2. (ಮೊದಲ ಪ್ರತಿ. ಹರಿದು ಹಾಕಿದ್ದು.)
ಇದರಲ್ಲಿ ಮೊಲವನ್ನು ಹೆಣ್ಣಿನ ಸಂಕೇತ ಮಾಡಿದ್ದೆ. ನಯನ ಓದಿ ಉರಿದುಬಿದ್ದಳು.

"ಸಾರ್, ನನ್ ಮೊಲ ಮೊಲನೇಯ. ಸೊಪ್ಪು ತಿಂತದೆ, ಮಂಚದ ಕೆಳಗೆ ಇಕ್ಕೆ ಆಕ್ತದೆ. ನಿಮ್ ಸಿಂಬಲ್ಲು ಬಂದು ಗುಡಿಸ್ತದಾ?"

3.
ಅತ್ತೆ ಚಿಕ್ಕಬೋರಮ್ಮ ಅಡ್ಡ ಬಂದರು. "ಒಂದ್ ಸೂಲಾದ್ರೂ ಆಗ್ಲಿ ಕಣಮ್ಮಿ. ಬಾಯಿಲ್ಲದ ಪ್ರಾಣಿ, ಪಾಪ ಸುತ್ಕತದೆ."

ಗಂಡ ಯತೀಶ್, "ಅವ್ವ ಏಳ್ದಂಗೆ ಮಾಡು" ಅಂದ. (ಇದಕ್ಕಿಂತ ಒಳ್ಳೆಯ ಮಾತು ಕೊಡಲು ಹೋದೆ. ಅವನು ಒಪ್ಪಲಿಲ್ಲ.)

ಕೊನೆಗೆ ಅತ್ತೆ ಎಲ್ಲರನ್ನೂ ಪಟ್ಟಲದಮ್ಮನ ಗುಡಿಗೆ ಕರೆದೊಯ್ದು ಹೂ ಕೇಳಿಸಿದರು. ಆಪರೇಷನ್ ಆಗಬಹುದಾದರೆ ಬಲಗಡೆ ಹೂ ಕೊಡವ್ವ, ಬೇಡವಾದರೆ ಎಡಗಡೆ. ನಾನು ಹೂವನ್ನು ಎಡಕ್ಕೆ ಬೀಳಿಸಿದೆ. ಅಳಿಸಿ ಬಲಕ್ಕೆ ಬೀಳಿಸಿದೆ. ಮತ್ತೆ ಅಳಿಸುವಷ್ಟರಲ್ಲಿ ನಯನ ಎದ್ದು ನಿಂತಳು.

"ಮೊಲಕ್ಕೆ ಊ ಕೇಳುಸ್ತಿದ್ದೀರಲ್ಲ ಅತ್ತೆ, ಎರಡ್ನೇ ಮಗ ಉಟ್ಟಿದ್ ದಿನನೇ ನಂಗೂ ಆಪರೇಷನ್ ಮಾಡ್ಸುಬುಟ್ರಲ್ಲ, ಆಗ ಯಾವ್ ದೇವ್ರನ್ನ ಕೇಳುದ್ರಿ? ನಂಗೆ ಬಾಯಿತ್ತಲ್ಲ, ನನ್ನಾದ್ರೂ ಕೇಳ್ಬೋದಿತ್ತಲ್ಲ!"

ಪೂಜಾರಿ, ಯತೀಶ್, ನಾನು, ಮೂವರೂ ನೆಲ ನೋಡಿದೆವು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಬರೆಯುವ ಧೈರ್ಯ ಬರಲಿಲ್ಲ.

4. (ಅಂತ್ಯಗಳು. ಬೇಕಾದ್ದು ಆರಿಸಿಕೊಳ್ಳಿ.)
ಅ) ಸಕ್ಕರೆ ಎದ್ದು ಕೊತ್ತಂಬರಿ ತಿಂದಳು.
ಆ) ಸಕ್ಕರೆ ಏಳಲಿಲ್ಲ. "ನಾನ್ ಮೊದ್ಲೇ ಏಳ್ನಿಲ್ವಾ, ಬ್ಯಾಡ ಅಂತ" ಅಂದರು ಅತ್ತೆ.

ನಯನ ಎರಡಕ್ಕೂ ಗೆರೆ ಎಳೆದಳು. ಬುಟ್ಟಿಗೆ ಟವೆಲ್ ಹಾಸಿ, ಮೊಲವನ್ನು ಕೂರಿಸಿಕೊಂಡು ಮಂಡ್ಯದ ಬಸ್ಸು ಹತ್ತಿದಳು. ಆಪರೇಷನ್ ಮಾಡಿಸುವುದಕ್ಕೋ, ಡಾಕ್ಟರಿಗೆ ಬೇಡ ಅನ್ನುವುದಕ್ಕೋ? ಓಡಿಹೋಗಿ ಕಿಟಕಿಯಲ್ಲಿ ಕೇಳಿದೆ.

"ಊವ ಎಡಕ್ಕೊಂದ್ಸಾರಿ ಬಲಕ್ಕೊಂದ್ಸಾರಿ ಬೀಳುಸ್ದಾಗ ನನ್ನ ಕೇಳುದ್ರಾ ಸಾರ್? ಈಗ್ಯಾಕೆ?"

ಗಾಜು ಎಳೆದುಕೊಂಡಳು. ಕಥೆ ಬಸ್ಸಿನಲ್ಲಿ ಹೋಯಿತು. ನಾನು ಇನ್ನೂ ಮದ್ದೂರು ಸ್ಟ್ಯಾಂಡಿನಲ್ಲೇ ನಿಂತಿದ್ದೇನೆ.