ಹದಿನಾರು ಹೆಸರಿಗೆ ಒಂದೇ ಉಸಿರು

ನಾನು ಉಸಿರು ಅಳೆಯುವ ಯಂತ್ರ. ಡಾಕ್ಟರುಗಳ ಬಾಯಲ್ಲಿ ಸ್ಪೈರೋಮೀಟರ್. ಸಿಹಿ ಮಾತು ಬೇಕಿದ್ದರೆ ಈಗಲೇ ಎದ್ದು ಹೋಗಿ, ಮನುಷ್ಯರನ್ನು ಕಂಡರೆ ನನಗಾಗದು. ಹುಟ್ಟಿದ ದಿನ ನನ್ನೊಳಗೆ ಪಂಪಿನಿಂದ ಸರಿಯಾಗಿ ಮೂರು ಲೀಟರ್ ಗಾಳಿ ನೂಕಿದರು. ಮೂರು ಲೀಟರ್ ಎಂದೆ. ಪಾಸು ಮಾಡಿ ಡಬ್ಬಿಗೆ ತುಂಬಿದರು.

ನಾಲ್ಕು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿದ್ದೆ. ಅಲ್ಲಿ ಹೊಸ ಯಂತ್ರ ಬಂದದ್ದೇ ತಡ, ನನ್ನನ್ನು ಕಲ್ಲು ಕೊಯ್ಯುವ ಕಾರ್ಖಾನೆಗೆ ಸಾಗಹಾಕಿದರು. ಅಬ್ಬಬ್ಬಾ, ಆ ಧೂಳು! ಮೀಸೆಯ ಮೇಲೆ, ರೆಪ್ಪೆಯ ಮೇಲೆ, ಕುಡಿಯುವ ಚಹಾದ ಮೇಲೂ ಧೂಳೇ. ವರ್ಷಕ್ಕೆರಡು ಸಲ ಕೆಲಸಗಾರರೆಲ್ಲ ನನ್ನ ಕೊಳವೆಯಲ್ಲಿ ಊದಬೇಕು. ಅಂಕಿ ಕಡಿಮೆ ಬಂದವನಿಗೆ ಮರುದಿನದಿಂದ ಗೇಟು ಬಂದ್.

"ಈ ದರಿದ್ರದ್ದು ನಮ್ಮ ಅನ್ನಾ ಕಸೀತೈತಿ" ಎಂದು ನನ್ನ ಮೇಲೆ ಉಗುಳಿದವರಿದ್ದಾರೆ. ಧೂಳು ಎಬ್ಬಿಸಿದವರ ಮೇಲೆ ಉಗುಳಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ.

ಕೊನೆಗೆ ಕೆಲಸಗಾರರೇ ಒಂದು ಉಪಾಯ ಹೂಡಿದರು. ಯಮನೂರಪ್ಪ ಎಂಬವನು ಗೇಟಿನಾಚೆ ಲಾರಿಗೆ ಕಲ್ಲು ಹೇರುತ್ತಿದ್ದ, ಮದುವೆಗಳಲ್ಲಿ ಶಹನಾಯಿ ಊದುತ್ತಿದ್ದ. ಅವನದು ಎದೆಯೋ, ಕಾಳು ತುಂಬುವ ಹಗೇವೋ! ಎರಡು ದಿನ ಕೂತು ಹದಿನಾರು ಜನರ ಹೆಸರಿನಲ್ಲಿ ಅವನೇ ಊದಿಬಿಟ್ಟ. ಹೆಸರು ಬರೆದುಕೊಳ್ಳುವ ಕಂಪೌಂಡರ್ ಗುರುಬಸಯ್ಯ ತಲೆಯನ್ನೇ ಎತ್ತಲಿಲ್ಲ. ಆ ಹದಿನಾರರಲ್ಲಿ ಕಂಪೌಂಡರನ ತಮ್ಮನೂ ಇದ್ದ.

ಮೂರು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಆ ಹದಿನಾರರಲ್ಲೊಬ್ಬನಾದ, ಕಲ್ಲು ಕೊಯ್ಯುವ ದುರುಗಪ್ಪನಿಗೆ ಕೆಮ್ಮು ಹತ್ತಿತು. ಜಿಲ್ಲಾಸ್ಪತ್ರೆಯ ಡಾಕ್ಟರು ಅವನ ಹೆಸರಿನಲ್ಲಿ ನಾನು ಅಚ್ಚು ಹಾಕಿದ ಚೀಟಿ ನೋಡಿ, ಇಷ್ಟು ಚೆನ್ನಾಗಿ ಊದಿದವನಿಗೆ ಧೂಳಿನ ರೋಗ ಎಲ್ಲಿಂದ ಬರಬೇಕು, ಇದು ಟಿಬಿಯೇ ಎಂದರು. ಎಂಟು ತಿಂಗಳು ಟಿಬಿ ಗುಳಿಗೆ ನುಂಗಿ ಮನುಷ್ಯ ಕಡ್ಡಿಯಾದ.

ಒಂದು ಮಧ್ಯಾಹ್ನ ಅವನ ಹೆಂಡತಿ ಹುಲಿಗೆವ್ವ ಅವನನ್ನು ತೋಳು ಹಿಡಿದು ಗುರುಬಸಯ್ಯನ ಬಳಿ ಕರೆತಂದಳು.

"ಬ್ಯಾರೆಯವ್ರು ಊದಿದ್ರು ಅಂತ ಡಾಕ್ಟರಿಗೆ ಹೇಳೇನಿ. ಖರೇ ಚೀಟಿ ತಂದ್ರ ಔಷಧ ಬದಲಿ ಮಾಡ್ತೀನಿ ಅಂದಾರ. ಕೆಲಸ ಹಾಳಾಗಿ ಹೋಗ್ಲಿ, ನನಗ ಈ ಮನಷ್ಯಾ ಬೇಕು" ಎಂದಳು.

ಗುರುಬಸಯ್ಯ ಇಂಗು ತಿಂದ ಮಂಗನಂತಾದ. ಆದರೂ ಕೊಳವೆ ಕೊಟ್ಟ.

ನನ್ನದೊಂದು ಕಟ್ಟಳೆಯಿದೆ: ಮೂರು ಸಲ ಊದಬೇಕು, ಪ್ರತಿ ಸಲವೂ ಆರು ಸೆಕೆಂಡು. ದುರುಗಪ್ಪ ಊದಿದ. ಎರಡನೇ ಸೆಕೆಂಡಿಗೇ ಕೆಮ್ಮು ಅವನನ್ನು ಮಡಚಿಹಾಕಿತು. ಮತ್ತೆ ಬಾಯಿಟ್ಟ, ಉಸಿರೇ ಬರಲಿಲ್ಲ. 'ಪರೀಕ್ಷೆ ಅಪೂರ್ಣ' ಎಂದು ತೋರಿಸಿ ಚೀಟಿ ತಡೆದೆ.

ಬಾಗಿಲಲ್ಲಿ ನಿಂತಿದ್ದ ಯಮನೂರಪ್ಪ ಮೆಲ್ಲಗೆ ಕೇಳಿದ: "ಯಕ್ಕಾ, ಉಳದಿದ್ದು ನಾ ಊದ್ಲೇನು?"

ಪಾಪ, ಅವನಿಗೆ ಬೇರೆ ಸಹಾಯ ಗೊತ್ತಿರಲಿಲ್ಲ.

"ಸಾಕೋ ಯಪ್ಪಾ! ನೀ ಊದಿ ಊದೇ ಇವ ಹಿಂಗಾಗ್ಯಾನ" ಎಂದವಳೇ ಗಂಡನನ್ನು ಎಬ್ಬಿಸಿಕೊಂಡು ಬರಿಗೈಯಲ್ಲಿ ಹೋದಳು.

ಅದಾಗಿ ಹದಿನೆಂಟನೆಯ ದಿನ ದುರುಗಪ್ಪ ಸತ್ತ ಸುದ್ದಿ ಬಂತು, ಗುರುಬಸಯ್ಯ ಪಟ್ಟಿಯಲ್ಲಿ ಅವನ ಹೆಸರು ಹೊಡೆದುಹಾಕಿದ. ನನ್ನನ್ನು ಹರಿದ ಬೂಟುಗಳ ಜೊತೆ ಸ್ಟೋರಿಗೆ ಎಸೆದರು. ಇಲ್ಲಿ ಕೂತು ಎಲ್ಲರನ್ನೂ ಬಯ್ಯುತ್ತೇನೆ: ಮಾಲೀಕನನ್ನು, ಕಂಪೌಂಡರನನ್ನು, ಶಹನಾಯಿಯವನನ್ನು. ಬೈದು ಮುಗಿದ ಮೇಲೆ ನಾನೊಬ್ಬನೇ ಉಳಿಯುತ್ತೇನೆ. ದುರುಗಪ್ಪನ ಹೆಸರಿನ ಸುಳ್ಳು ಚೀಟಿಗಳನ್ನೆಲ್ಲ ತಕರಾರಿಲ್ಲದೆ ಹೊರಹಾಕಿದವನು ನಾನು. ಅವನು ಸ್ವತಃ ಊದಿದ ದಿನ ಮಾತ್ರ ನನಗೆ ಕಟ್ಟಳೆ ನೆನಪಾಯಿತು.